ಹಂದಿ ರೂಪಾಯಿಯ ಅಂಚು: 1911ರ ಒಂದು ನಾಣ್ಯದ ದರ್ಜೆ, ಬೆಲೆ ಮತ್ತು ಒಂದು ಪಾಲು

ಹಿನ್ನೆಲೆ

ಅವಿಭಕ್ತ ಕುಟುಂಬವೊಂದು ಪಾಲಾಗುತ್ತಿತ್ತು. ಜಮೀನು, ಮನೆ, ಒಡವೆಗಳ ಲೆಕ್ಕ ಮುಗಿದ ಮೇಲೆ ದೇವರ ಮನೆಯ ಹಿತ್ತಾಳೆ ಡಬ್ಬಿಯೊಂದು ಉಳಿಯಿತು. ಅದರಲ್ಲಿ ಹನ್ನೊಂದು ಬೆಳ್ಳಿ ರೂಪಾಯಿಗಳಿದ್ದವು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ತಟ್ಟೆಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಡಬ್ಬಿ ಸೇರುತ್ತಿದ್ದ ನಾಣ್ಯಗಳು ಅವು. ಎಲ್ಲವೂ ಐದನೇ ಜಾರ್ಜ್ ಕಾಲದವು. ಹತ್ತರ ಮೇಲೆ 1912ರಿಂದ 1920ರ ನಡುವಿನ ಇಸವಿಗಳಿದ್ದವು, ಒಂದರ ಮೇಲೆ 1911.

ಪಾಲುದಾರರು ಇಬ್ಬರು: ಡಬ್ಬಿಯನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮನೆಯ ಹಿರಿಯಾಕೆ ಮತ್ತು ಆಕೆಯ ಅಣ್ಣನ ಮಗ. ಅವರ ಹೆಸರು, ಊರು ಇಲ್ಲಿ ಬೇಡ. ಅಳತೆಗಳನ್ನೂ ನಡೆದ ಕ್ರಮವನ್ನೂ ಇದ್ದಂತೆಯೇ ಕೊಡಲಾಗಿದೆ.

1911ರ ರೂಪಾಯಿಯನ್ನು ಸಂಗ್ರಾಹಕರು ‘ಹಂದಿ ರೂಪಾಯಿ’ ಎನ್ನುತ್ತಾರೆ. ದೊರೆಯ ನಿಲುವಂಗಿಯ ಮೇಲಿನ ಸರಮಾಲೆಯಲ್ಲಿ ಒಂದು ಪುಟ್ಟ ಆನೆ ಇದೆ. ಆ ವರ್ಷದ ಅಚ್ಚಿನಲ್ಲಿ ಆನೆಯ ಕೆತ್ತನೆ ಸರಿಯಾಗಿ ಬರಲಿಲ್ಲ. ಸೊಂಡಿಲು ಮೊಂಡಾಗಿ ಅದು ಹಂದಿಯಂತೆ ಕಂಡಿತು. ಮುಸ್ಲಿಮರಿಂದ ತೀವ್ರ ಆಕ್ಷೇಪ ಬಂದು ಸರ್ಕಾರ ವಿನ್ಯಾಸ ತಿದ್ದಿತು. 1912ರಿಂದ ಆನೆಗೆ ಸ್ಪಷ್ಟವಾದ ಸೊಂಡಿಲು, ದೊಡ್ಡ ಕಿವಿ ಬಂದವು. 1911ರಲ್ಲಿ ಟಂಕಿಸಿದ್ದು ಸುಮಾರು 94 ಲಕ್ಷ, ಚಲಾವಣೆಗೆ ಬಿಟ್ಟದ್ದು ಸುಮಾರು 7 ಲಕ್ಷ, ಮಿಕ್ಕವನ್ನು ಕರಗಿಸಲಾಯಿತು ಎಂಬುದು ಕೆಟಲಾಗುಗಳಲ್ಲಿ ನಡೆದು ಬಂದ ಲೆಕ್ಕ.

ಈ 7 ಲಕ್ಷವನ್ನು ಗಮನಿಸಬೇಕು. ಏಳು ಲಕ್ಷ ಹೊರಬಂದ ನಾಣ್ಯ ಸಿಗುವುದೇ ಇಲ್ಲ ಎನ್ನುವ ಬಗೆಯ ಅಪರೂಪದ್ದಲ್ಲ. ಹುಡುಕಿದರೆ ಸಿಗುತ್ತದೆ. ಸಿಗದೇ ಇರುವುದು ಸವೆಯದ, ಉಜ್ಜದ, ಒಡವೆಯಾಗದ ನಾಣ್ಯ. ಹಾಗಾಗಿ ಈ ಇಸವಿಯಲ್ಲಿ ಬೆಲೆಯ ಬಹುಪಾಲು ಇರುವುದು ದರ್ಜೆಯಲ್ಲಿ, ಅಂದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರಲ್ಲಿ. ಇಸವಿ ನೋಡಿ ಬೆಲೆ ಹೇಳುವವರು ಎಡವುವುದು ಇಲ್ಲೇ.

ಸಮಸ್ಯೆ

ಅಣ್ಣನ ಮಗ ಒಂದು ವಿಡಿಯೋ ನೋಡಿದ್ದ. ಹಂದಿ ರೂಪಾಯಿಗೆ ಲಕ್ಷಗಟ್ಟಲೆ ಬೆಲೆಯಿದೆ ಎಂದು ಅದರಲ್ಲಿ ಹೇಳಿದ್ದರು. ಅವನು ಮುಂದಿಟ್ಟ ಸಲಹೆ ಸರಳವಾಗಿತ್ತು: “ಅತ್ತೆ, 1911ರದ್ದು ಒಂದು ನನಗಿರಲಿ, ಉಳಿದ ಹತ್ತೂ ನೀವೇ ಇಟ್ಟುಕೊಳ್ಳಿ.” ಕೇಳಲು ಉದಾರವಾಗಿತ್ತು. ಆದರೆ ಅದು ನ್ಯಾಯವೇ ಎಂಬುದು ಆ ಒಂದು ನಾಣ್ಯದ ದರ್ಜೆಯ ಮೇಲೆಯೇ ನಿಂತಿತ್ತು. ತೊಡಕಿಲ್ಲದ (ಉಜ್ಜದ, ಒಡವೆಯಾಗದ) ಎಕ್ಸ್‌ಎಫ್ ದರ್ಜೆಯದಾದರೆ, ಅಂದರೆ ಸವೆತ ತೀರಾ ಕಡಿಮೆಯಿದ್ದರೆ, ಹತ್ತು ಸಾಧಾರಣ ರೂಪಾಯಿಗಳಿಗೆ ಅದು ಹೆಚ್ಚುಕಡಿಮೆ ತೂಗುತ್ತಿತ್ತು. ಯುಎನ್‌ಸಿ, ಅಂದರೆ ಚಲಾವಣೆಯನ್ನೇ ಕಾಣದ್ದು, ಆದರೆ ಅತ್ತೆಗೆ ದೊಡ್ಡ ನಷ್ಟ. ತೊಡಕಿನ ನಾಣ್ಯವಾದರೆ ನಷ್ಟ ಅವನಿಗೆ.

ಪರಿಶೀಲನೆಗೆ ಬರುವ ಮುನ್ನವೇ ಮೂರು ಕಡೆ ಬೆಲೆ ಕೇಳಲಾಗಿತ್ತು. ಬೆಳ್ಳಿ ಅಂಗಡಿಯವರು ತೂಕದ ಬೆಲೆ ಹೇಳಿದರು. ಹಳೆ ನಾಣ್ಯದ ವ್ಯಾಪಾರಿಯೊಬ್ಬರು ಫೋಟೋ ನೋಡಿ ಅದರ ಐದಾರು ಪಟ್ಟು ಹೇಳಿ, “ಕೈಗೆ ಕೊಟ್ಟು ನೋಡಿದ ಮೇಲೆ ಗಟ್ಟಿ ಮಾತು” ಎಂದರು. ಮೂರನೆಯದು ಮೊಬೈಲಿಗೆ ಬಂದ ಸಂದೇಶ. ಲಕ್ಷಗಳ ಬೆಲೆ ಹೇಳಿ, ರಿಸರ್ವ್ ಬ್ಯಾಂಕಿನ ಹೆಸರಿನ ಪತ್ರ ತೋರಿಸಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದಿತ್ತು. ಈ ಮೂರನೆಯದನ್ನು ಅಲ್ಲಿಗೇ ನಿಲ್ಲಿಸಲಾಯಿತು. ಹಳೆ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಶುಲ್ಕವನ್ನೋ ಕಮಿಷನನ್ನೋ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ. ಕೊಳ್ಳುವವನು ಮಾರುವವನಿಂದ ಮುಂಗಡ ಹಣ ಕೇಳಿದ ಕ್ಷಣಕ್ಕೇ ಆ ಮಾತುಕತೆ ಮುಗಿಯಬೇಕು.

ಇನ್ನೊಂದು ಅವಸರವೂ ತಪ್ಪಿತು. ನಾಣ್ಯಗಳನ್ನು ಅಕ್ಕಸಾಲಿಗರಿಗೆ ಕೊಟ್ಟು ಮೆರುಗು ಹಾಕಿಸಿದರೆ ಹೆಚ್ಚು ಬೆಲೆ ಬಂದೀತು ಎಂದು ಅಣ್ಣನ ಮಗ ದಿನ ಕೂಡ ಗೊತ್ತುಮಾಡಿದ್ದ. ಅದನ್ನು ಮುಂದೂಡಲು ಒಪ್ಪಿಸುವುದೇ ಮೊದಲ ಕೆಲಸವಾಯಿತು.

ಮೊದಲ ಸುತ್ತು: ತೂಕ, ಅಳತೆ, ಆನೆ

ಮೇಜಿನ ಮೇಲೆ ಮಡಿಸಿದ ಹತ್ತಿ ಬಟ್ಟೆ ಹಾಸಿ, ಕೈ ಜಾರಿದರೂ ಪೆಟ್ಟಾಗದಂತೆ ನೋಡಿಕೊಂಡು, ನಾಣ್ಯವನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಅಂಚು ಹಿಡಿದು ಎತ್ತಲಾಯಿತು. ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುವ ಹಳೆಯ ಪರೀಕ್ಷೆಯನ್ನು ಕೈಬಿಡಲಾಯಿತು. ಅದರಿಂದ ತಿಳಿಯುವುದು ಕಡಿಮೆ, ಅಂಚಿಗೆ ಆಗುವ ಪೆಟ್ಟು ಮಾತ್ರ ಶಾಶ್ವತ.

ಈ ರೂಪಾಯಿಯ ಶಾಸನಬದ್ಧ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಬೆಳ್ಳಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಉಳಿದದ್ದು ತಾಮ್ರ. ವ್ಯಾಸ ಸುಮಾರು 30.5 ಮಿ.ಮೀ. ನೂರನೇ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯನ್ನು ಗೊತ್ತಿರುವ ತೂಕದ ಬಟ್ಟಿನಿಂದ ಸರಿನೋಡಿಕೊಂಡು ತೂಗಿದಾಗ ನಮ್ಮ ನಾಣ್ಯ 11.58 ಗ್ರಾಂ ಬಂತು. ಚಲಾವಣೆಯಲ್ಲಿ ಕೊಂಚ ಸವೆದ ಅಸಲಿ ನಾಣ್ಯಕ್ಕೆ ಒಪ್ಪುವ ತೂಕ.

ಮುಂದೆ ಸಾಪೇಕ್ಷ ಸಾಂದ್ರತೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಗಾಳಿಯಲ್ಲಿನ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಮೂರು ಸಲ ಮಾಡಿದಾಗ 1.12, 1.13, 1.12 ಗ್ರಾಂ ಬಂತು. 11.58ನ್ನು 1.12ರಿಂದ ಭಾಗಿಸಿದರೆ 10.34, 1.13ರಿಂದ ಭಾಗಿಸಿದರೆ 10.25. ಬೆಳ್ಳಿಯದು 10.49, ತಾಮ್ರದ್ದು 8.96, ಈ ಮಿಶ್ರಲೋಹಕ್ಕೆ ಲೆಕ್ಕ ಹಾಕಿದರೆ ಬರುವುದು ಸುಮಾರು 10.34. ಅಂದರೆ ಲೋಹ ಸರಿಯಾಗಿದೆ. ಇಂಥ ತಕ್ಕಡಿಯಲ್ಲಿ ಕೊನೆಯ ಅಂಕಿ ಒಂದು ಹೆಜ್ಜೆ ಸರಿದರೆ ಉತ್ತರ 0.09ರಷ್ಟು ಹೊಯ್ದಾಡುತ್ತದೆಂಬುದು ನೆನಪಿರಲಿ. ಒಂದೇ ಸಲ ತೂಗಿ ತೀರ್ಪು ಕೊಡುವ ಹಾಗಿಲ್ಲ. ಅಂಚಿನ ಗೆರೆಗಳ ಸಂದಿನಲ್ಲಿ ಗಾಳಿಗುಳ್ಳೆ ಕೂತರೆ ಸರಿಯುವ ನೀರು ಹೆಚ್ಚಿ ಸಾಂದ್ರತೆ ಸುಳ್ಳಾಗಿ ಕೆಳಗಿಳಿಯುತ್ತದೆ. ನೀರಿಗೆ ಒಂದೇ ಒಂದು ತೊಟ್ಟು ಸೋಪು ದ್ರಾವಣ ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಮೆತ್ತನೆ ಬಟ್ಟೆಯ ನಡುವೆ ಇಟ್ಟು ಒತ್ತಿ ಒಣಗಿಸಬೇಕು. ಒರೆಸಬಾರದು.

ವ್ಯಾಸ ಅಳೆಯಲು ಪ್ಲಾಸ್ಟಿಕ್ ದವಡೆಯ ಕ್ಯಾಲಿಪರ್ ಬಳಸಲಾಯಿತು. ಮೂರು ಗಂಟೆಯಿಂದ ಒಂಬತ್ತು ಗಂಟೆಯ ಕಡೆಗೆ 30.47, ಹನ್ನೆರಡರಿಂದ ಆರರ ಕಡೆಗೆ 30.38. ಹತ್ತನೇ ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರ. ಪ್ಲಾಸ್ಟಿಕ್ ಕ್ಯಾಲಿಪರಿನ ದೋಷವೆಂದು ಬಗೆದು ಅದನ್ನು ಬರೆದಿಟ್ಟು ಮುಂದೆ ಹೋಗಲಾಯಿತು. ಇದು ಈ ಪ್ರಕರಣದ ಮೊದಲ ತಪ್ಪು.

ಅಸಲಿತನಕ್ಕೆ ಕೊನೆಯ ಸಾಕ್ಷಿ ಆನೆ. 1917ರ ರೂಪಾಯಿಯಲ್ಲಿ 7ರ ತಲೆ ಕೆರೆದು 1 ಮಾಡುವುದು ಕೈಚಳಕವಿದ್ದವರಿಗೆ ಸಾಧ್ಯ. ಆದರೆ ಇಸವಿ ಇರುವುದು ಹಿಂಬದಿಯಲ್ಲಿ, ಆನೆ ಇರುವುದು ಮುಂಬದಿಯಲ್ಲಿ. ತಿದ್ದಿದವರು ಆನೆಯನ್ನು ತಿದ್ದಲಾರರು. ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ಡಬ್ಬಿಯ 1919ರ ನಾಣ್ಯವನ್ನು ಪಕ್ಕದಲ್ಲಿಟ್ಟು ನೋಡಿದಾಗ ನಮ್ಮದರ ಆನೆ ಹಳೆಯ ಮೊಂಡು ಸೊಂಡಿಲಿನದೇ ಎಂದು ಖಚಿತವಾಯಿತು. ಹಿಂಬದಿಯಲ್ಲಿ ಕಮಲದ ಕೆಳಗೆ ಉಬ್ಬಿದ ಸಣ್ಣ ಚುಕ್ಕಿಯಿತ್ತು. ಅದು ಮುಂಬೈ ಟಂಕಸಾಲೆಯ ಗುರುತು; ಕಲ್ಕತ್ತದ ನಾಣ್ಯಕ್ಕೆ ಚುಕ್ಕಿ ಇರುವುದಿಲ್ಲ. ಪೂಜೆಯ ನಾಣ್ಯಗಳಲ್ಲಿ ಈ ಚುಕ್ಕಿಯ ಸುತ್ತ ಕುಂಕುಮ ಗಟ್ಟಿಯಾಗಿ ಚುಕ್ಕಿಯೇ ಕಾಣದಂತಾಗಿರುತ್ತದೆ. ಕಣ್ಣಿಗೆ ಕಾಣಲಿಲ್ಲವೆಂದು ಕಲ್ಕತ್ತ ಎಂದು ಬರೆದುಬಿಡಬಾರದು.

ಎರಡು ಚೀಟಿ

ದರ್ಜೆ ಕಟ್ಟಲು ಅನುಭವಿಗಳಾದ ಇಬ್ಬರನ್ನು ಕೂರಿಸಿ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಬೇರೆ ಬೇರೆ ಚೀಟಿಯಲ್ಲಿ ಬರೆಸಲಾಯಿತು. ಬೇರೆ ಯಾವ ಹೆಜ್ಜೆ ಬಿಟ್ಟರೂ ಇದನ್ನು ಬಿಡಬಾರದು. ಒಬ್ಬರು ಬಾಯಿಬಿಟ್ಟು “ಎಕ್ಸ್‌ಎಫ್” ಅಂದರೆ ಎರಡನೆಯವರ ಕಣ್ಣು ಎಕ್ಸ್‌ಎಫ್‌ಗೆ ಬೇಕಾದ್ದನ್ನೇ ಹುಡುಕತೊಡಗುತ್ತದೆ.

ಬಳಸಿದ ಅಳತೆಗೋಲು 1ರಿಂದ 70ರ ಶೆಲ್ಡನ್ ಮಾಪಕ. ಅದರಲ್ಲಿ ವಿಎಫ್ (ಸಾಧಾರಣ ಸವೆತದ್ದು) 20ರಿಂದ 35, ಎಕ್ಸ್‌ಎಫ್ 40 ಮತ್ತು 45, ಎಯು (ಸವೆತದ ಸುಳಿವು ಮಾತ್ರ ಇರುವುದು) 50ರಿಂದ 58, ಚಲಾವಣೆ ಕಾಣದ್ದು 60ರಿಂದ ಮೇಲೆ.

ಮೊದಲ ಚೀಟಿ: ಎಕ್ಸ್‌ಎಫ್ 40. ಆನೆಯ ಕಾಲುಗಳು ಬಿಡಿಬಿಡಿಯಾಗಿವೆ, ಸರಮಾಲೆಯ ಕೊಂಡಿಗಳು ಎಣಿಸುವಂತಿವೆ, ಹಿಂಬದಿಯ ಕಮಲದ ಎಸಳುಗಳಲ್ಲಿ ಗೆರೆ ಉಳಿದಿದೆ ಎಂಬುದು ಆಧಾರ.

ಎರಡನೇ ಚೀಟಿ: ವಿಎಫ್ 35, ತೊಳೆದದ್ದು. ಹುಬ್ಬು ಚಪ್ಪಟೆಯಾಗಿದೆ, ಮೀಸೆಯ ಕೂದಲೆಳೆಗಳು ಒಂದಕ್ಕೊಂದು ಬೆರೆತಿವೆ, ಕಿರೀಟದ ಎತ್ತರದ ಮುತ್ತುಗಳು ಮಾಸಿವೆ, ಮೇಲ್ಮೈಯಲ್ಲಿ ಬೆಳಕು ಹೊರಳುತ್ತಿಲ್ಲ.

ಇಬ್ಬರೂ ಕಂಡದ್ದನ್ನೇ ಬರೆದಿದ್ದರು. ಆನೆ, ಸರಮಾಲೆಗಳು ಅಚ್ಚಿನಲ್ಲಿ ಕೆಳಮಟ್ಟದ ಭಾಗಗಳು, ಕೊನೆಗೆ ಸವೆಯುತ್ತವೆ. ಹುಬ್ಬು, ಮೀಸೆ, ಕಿರೀಟಗಳು ಎತ್ತರದವು, ಮೊದಲು ಸವೆಯುತ್ತವೆ. ದರ್ಜೆಯನ್ನು ಎತ್ತರದ ಭಾಗಗಳಿಂದ ಶುರುಮಾಡಬೇಕು. ಹಂದಿ ರೂಪಾಯಿಯಲ್ಲಿ ಎಲ್ಲರ ಕಣ್ಣೂ ಮೊದಲು ಆನೆಗೇ ಹೋಗುವುದರಿಂದ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ಹೆಸರು ತಂದ ಆನೆಯೇ ದರ್ಜೆಯನ್ನೂ ಕೆಡಿಸುತ್ತದೆ.

ಮೊದಲನೆಯವರ ಆಕ್ಷೇಪವೂ ಹುರುಳಿಲ್ಲದ್ದಾಗಿರಲಿಲ್ಲ. ಕಿರೀಟ ಮಾಸಿರುವುದು ಸವೆತವಲ್ಲ, ಟಂಕಿಸುವಾಗಲೇ ಅಚ್ಚು ಸರಿಯಾಗಿ ಬೀಳದಿದ್ದರೆ ಹೀಗಾಗುತ್ತದೆ ಎಂದರು. ಇದನ್ನು ತೀರ್ಮಾನಿಸಲು ಒಂದು ದಾರಿ ಇದೆ. ಅಚ್ಚು ದುರ್ಬಲವಾಗಿ ಬಿದ್ದ ಜಾಗದಲ್ಲಿ ವಿವರ ಇಲ್ಲದಿದ್ದರೂ ಲೋಹದ ಮೂಲ ಹೊಳಪು ಸುತ್ತಲಿನಷ್ಟೇ ಇರುತ್ತದೆ. ಸವೆದ ಜಾಗ ಬೇರೆಯೇ ಬಣ್ಣ ತಿರುಗಿ, ಬೂದಿ ಮಿಶ್ರಿತ ನುಣುಪಿನಲ್ಲಿ ಕಾಣುತ್ತದೆ. ಜೊತೆಗೆ ದುರ್ಬಲ ಅಚ್ಚಾದರೆ ಅದರ ನೇರ ಹಿಂಬದಿಯಲ್ಲೂ ಅದರ ಛಾಯೆ ಕಾಣುವುದು ಸಾಮಾನ್ಯ. ನಮ್ಮ ನಾಣ್ಯದಲ್ಲಿ ಹಿಂಬದಿ ಗಟ್ಟಿಯಾಗಿತ್ತು. ಹೊಳಪಿನ ಪರೀಕ್ಷೆ ಮಾಡಲು ಮಾತ್ರ ಆಗಲಿಲ್ಲ, ಏಕೆಂದರೆ ಮೂಲ ಹೊಳಪು ಇಡೀ ನಾಣ್ಯದ ಮೇಲೆ ಎಲ್ಲೂ ಉಳಿದಿರಲಿಲ್ಲ. ಚರ್ಚೆ ಹೀಗೆ ಮೇಲ್ಮೈಯ ಕಡೆಗೆ ತಿರುಗಿತು.

ಮೇಲ್ಮೈ

ಅಚ್ಚಿನ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ಗುರುತಾಗಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಗೆರೆಗಳು ಉಳಿಯುತ್ತವೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ತಿರುಗಿಸಿದರೆ ಬೆಳಕು ಬಂಡಿ ಚಕ್ರದ ಅರೆಗಳಂತೆ ಸುತ್ತುವುದು ಈ ಗೆರೆಗಳಿಂದ. ಅವು ಒಮ್ಮೆ ಅಳಿದರೆ ಯಾವ ಮೆರುಗಿನಿಂದಲೂ ಮರಳುವುದಿಲ್ಲ. ಮೆರುಗು ಹಾಕಿದ ನಾಣ್ಯ ಥಳಥಳಿಸುತ್ತದೆ, ಆದರೆ ಬೆಳಕು ಸುತ್ತದೆ ನಿಂತಲ್ಲೇ ನಿಲ್ಲುತ್ತದೆ.

ಪರೀಕ್ಷೆಗೆ ಕೋಣೆಯ ಟ್ಯೂಬ್‌ಲೈಟ್ ಆರಿಸಬೇಕು. ಬೇಕಾದುದು ಒಂದೇ ಬಲ್ಬಿನ ಮೇಜುದೀಪ, ನಾಣ್ಯದಿಂದ ಒಂದು ಗೇಣು ದೂರ. ಮೊದಲು ಬರಿಗಣ್ಣು, ಆಮೇಲೆ ಐದು ಪಟ್ಟಿನ ಲೂಪು. ದರ್ಜೆ ಕಟ್ಟುವಾಗ ಹತ್ತು ಪಟ್ಟಿನದು ಬೇಡ. ಅದರಲ್ಲಿ ಒಳ್ಳೆಯ ನಾಣ್ಯವೂ ಗಾಯಗೊಂಡಂತೆ ಕಾಣುತ್ತದೆ.

ನಮ್ಮ ನಾಣ್ಯದಲ್ಲಿ ಕೂದಲಿನಷ್ಟು ತೆಳು ಗೀರುಗಳು ಒಂದೇ ದಿಕ್ಕಿನಲ್ಲಿ ಓಡಿದ್ದವು. ಬಯಲು ಜಾಗದಲ್ಲಿ ಶುರುವಾದ ಗೀರು ದೊರೆಯ ಕೆನ್ನೆಯನ್ನು ದಾಟಿ ಇನ್ನೊಂದು ಬದಿಗೆ ಹೋಗಿತ್ತು. ಚೀಲದಲ್ಲಿ ನಾಣ್ಯಗಳು ತಾಕಿದ ಗುರುತು ಹೀಗಿರುವುದಿಲ್ಲ. ಅದು ಚಿಕ್ಕದು, ಆಳವಾದದ್ದು, ಅಡ್ಡಾದಿಡ್ಡಿ. ಒಂದೇ ದಿಕ್ಕಿನ ಗೀರು ಎಂದರೆ ಕೈಯಿಂದ ಉಜ್ಜಿದ್ದು. ಹಿರಿಯಾಕೆಯನ್ನು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದರು: ಅಂಟುವಾಳದ ನೀರಿನಲ್ಲಿ ನೆನೆಸಿ, ವಿಭೂತಿ ಹಾಕಿ ಉಜ್ಜುವುದು ಅವರ ಅತ್ತೆಯ ಕಾಲದಿಂದ ನಡೆದುಬಂದ ಕ್ರಮ. ಬೆಳ್ಳಿ ಪಾತ್ರೆಗೆ ವಿಭೂತಿ ಒಳ್ಳೆಯದೇ, ಪಾತ್ರೆಗೆ ಬೇಕಾದುದು ಹೊಳಪು. ನಾಣ್ಯಕ್ಕೆ ಮಾತ್ರ ಪ್ರತಿ ವರ್ಷದ ಉಜ್ಜುವಿಕೆ ಒಂದೊಂದು ಪದರ ಕಳೆಯಿತು. ಇದರಲ್ಲಿ ಯಾರದೂ ತಪ್ಪಿಲ್ಲ. ಆ ರೂಪಾಯಿ ಆ ಮನೆಗೆ ಲಕ್ಷ್ಮಿಯಾಗಿತ್ತು, ಸಂಗ್ರಹದ ವಸ್ತುವಾಗಿರಲಿಲ್ಲ.

ತಿರುವು

ಎರಡು ಚೀಟಿಗಳನ್ನು ಹೊಂದಿಸಲು ನಾಣ್ಯವನ್ನು ಮತ್ತೆ ಮೊದಲಿಂದ ನೋಡುವುದೆಂದಾಯಿತು. ಆಗ ಹೊಳೆಯಿತು: ಎರಡೂ ಮುಖಗಳನ್ನು ಅರ್ಧ ಗಂಟೆ ನೋಡಿದ್ದೇವೆ, ಅಂಚನ್ನು ಸುತ್ತು ಹಾಕಿಸಿ ನೋಡಿಯೇ ಇಲ್ಲ. ಬರೆದಿಟ್ಟಿದ್ದ 30.38 ಮತ್ತು 30.47 ಆಗ ನೆನಪಿಗೆ ಬಂತು.

ದೀಪದ ಎದುರು ಅಂಚನ್ನು ನಿಧಾನ ತಿರುಗಿಸಿದಾಗ ಕಿರೀಟದ ನೇರ ಮೇಲೆ, ಹನ್ನೆರಡು ಗಂಟೆಯ ಜಾಗದಲ್ಲಿ ಸುಮಾರು 4 ಮಿ.ಮೀ. ಉದ್ದಕ್ಕೆ ಗೆರೆಗಳ ಲಯ ತಪ್ಪಿತ್ತು. ಉಳಿದೆಡೆ ಸಮ ಅಂತರದ, ಲಂಬವಾದ ಗೆರೆಗಳು. ಅಲ್ಲಿ ಮಾತ್ರ ಅಂತರ ಹೆಚ್ಚುಕಡಿಮೆ, ಒಂದೆರಡು ಓರೆ. ಸಣ್ಣ ಅರದಿಂದ ಕೈಯಲ್ಲಿ ಕೊರೆದ ಗೆರೆಗಳವು. ಸಂದಿನಲ್ಲಿ ಬೆಳ್ಳಿಗಿಂತ ತುಸು ಹಳದಿಯಾದ ಲೋಹದ ಚೂರು ಅಂಟಿತ್ತು. ಅದು ಬೆಸುಗೆ. ಅದರ ಕೆಳಗಿನ ಏರಂಚು, ಅಂದರೆ ಮುಖದ ಸುತ್ತಲಿನ ಉಬ್ಬಿದ ಅಂಚು, ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸ್ವಲ್ಪವೇ ಚಪ್ಪಟೆಯಾಗಿತ್ತು.

ಈ ನಾಣ್ಯಕ್ಕೆ ಒಂದು ಕಾಲದಲ್ಲಿ ಕೊಂಡಿ ಇತ್ತು. ಯಾರೋ ಅದನ್ನು ತೆಗೆಸಿ, ಅಂಚನ್ನು ಅರದಿಂದ ಸರಿಮಾಡಿಸಿದ್ದರು. ತೂಕ, ಸಾಂದ್ರತೆಗಳು ಇದನ್ನು ಹಿಡಿಯಲಾರವು. ಅರದಲ್ಲಿ ಹೋದ ಲೋಹ ಅತಿ ಕಡಿಮೆ, ಬೆಸುಗೆ ಅದಕ್ಕೆ ಮತ್ತೆ ಒಂದಿಷ್ಟು ಸೇರಿಸಿರುತ್ತದೆ.

ಹಿರಿಯಾಕೆಗೆ ಲೂಪಿನಲ್ಲಿ ಆ ಜಾಗ ತೋರಿಸಿದಾಗ ಒಂದು ಕ್ಷಣ ಸುಮ್ಮನಿದ್ದು ಹೇಳಿದರು: “ಅದು ನಮ್ಮಜ್ಜಿ ಕೊರಳಲ್ಲಿದ್ದದ್ದು. ಕರಿಮಣಿ ಪಕ್ಕ ಕಪ್ಪು ದಾರದಲ್ಲಿ ಹಾಕ್ಕೋತಿದ್ರು. ಅವರು ಹೋದ ಮೇಲೆ ಕೊಂಡಿ ತೆಗೆಸಿ ಡಬ್ಬಿಗೆ ಹಾಕಿದ್ವಿ.” ಮೊದಲೇ ಏಕೆ ಹೇಳಲಿಲ್ಲವೆಂದು ಅಣ್ಣನ ಮಗ ಕೇಳಿದ. “ನೀವು ಯಾರೂ ಕೇಳಲಿಲ್ಲವಲ್ಲಪ್ಪ” ಎಂದರು.

ಮಾತು ನಿಜ. ತಕ್ಕಡಿ, ಲೂಪು, ದೀಪ ಎಲ್ಲ ಸಿದ್ಧಮಾಡಿದ ಮೇಲೂ ಎರಡೇ ಪ್ರಶ್ನೆ ಕೇಳುವುದು ಉಳಿದುಹೋಗಿತ್ತು: ಇದು ಮನೆಗೆ ಹೇಗೆ ಬಂತು, ಇದನ್ನು ಯಾವುದಕ್ಕೆ ಬಳಸುತ್ತಿದ್ದಿರಿ? ಕೇಳಿದ್ದರೆ ಮೊದಲ ನಿಮಿಷದಲ್ಲೇ ಅಂಚಿಗೆ ಹೋಗುತ್ತಿದ್ದೆವು. ನಮ್ಮ ನಾಡಿನ ಬೆಳ್ಳಿ ರೂಪಾಯಿಗಳಲ್ಲಿ ಎಷ್ಟೋ ನಾಣ್ಯಗಳು ಒಂದಲ್ಲ ಒಂದು ಕಾಲದಲ್ಲಿ ಸರವಾಗಿ, ಪದಕವಾಗಿ, ಮಗುವಿನ ಉಡಿದಾರದ ತೂಗಾಗಿ ಬಾಳಿದವು. ಹನ್ನೆರಡು ಗಂಟೆಯ ಜಾಗವನ್ನು ಮುಖಗಳಿಗಿಂತ ಮೊದಲೇ ನೋಡುವ ರೂಢಿ ಇಲ್ಲಿ ಬೇಕೇ ಬೇಕು. ಒಂದೇ ಕಡೆ ಕೊಂಡಿಯಿದ್ದರೆ ಅದು ಸಾಮಾನ್ಯವಾಗಿ ಕಿರೀಟದ ಮೇಲೆ. ಸರದ ನಡುವಿನ ಕಾಸಾಗಿದ್ದರೆ ಎರಡು ಬದಿಯಲ್ಲೂ ಗುರುತಿರುತ್ತದೆ. ಕಟ್ಟಿನಲ್ಲಿ ಕೂರಿಸಿದ್ದರೆ ಬೆಸುಗೆ ಇರುವುದಿಲ್ಲ, ಆದರೆ ಏರಂಚಿನ ಸುತ್ತ ಒಂದೇ ಸಮನಾದ ಉಜ್ಜಿದ ಉಂಗುರ ಕಾಣುತ್ತದೆ.

ಚೀಟಿಗಳನ್ನು ಬದಲಿಸಿ ಬರೆಯಲಾಯಿತು: ವಿವರಗಳು ವಿಎಫ್ 35ರವು; ಕೊಂಡಿ ತೆಗೆದದ್ದು, ಅಂಚು ತಿದ್ದಿದ್ದು, ತೊಳೆದದ್ದು. ಪ್ರಮಾಣೀಕರಣ ಸಂಸ್ಥೆಗಳ ಭಾಷೆಯಲ್ಲಿ ಇದು ‘ಡೀಟೇಲ್ಸ್’ ದರ್ಜೆ. ಇಂಥ ನಾಣ್ಯಕ್ಕೆ ಅಂಕಿ ಸಿಗುವುದಿಲ್ಲ.

ವಿದೇಶಕ್ಕೆ ಕಳಿಸುವ ಆಲೋಚನೆ

ಅಣ್ಣನ ಮಗ ಅಲ್ಲಿಗೆ ಬಿಡಲಿಲ್ಲ. ನಾಣ್ಯಗಳಿಗೆ ದರ್ಜೆ ಕಟ್ಟಿ ಪ್ರಮಾಣೀಕರಿಸುವ ಅಮೆರಿಕದ ಸಂಸ್ಥೆಗಳಾದ ಎನ್‌ಜಿಸಿ ಅಥವಾ ಪಿಸಿಜಿಎಸ್‌ಗೆ ಕಳಿಸಿ ಅವರ ಬಾಯಲ್ಲೇ ಕೇಳೋಣ ಎಂದ. ಎರಡು ಕಾರಣಕ್ಕೆ ಅದು ಬೇಡವೆಂದಾಯಿತು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವೂ ಪುರಾವಸ್ತುವೇ. ಅದನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. 1911ರ ನಾಣ್ಯ 2011ರಲ್ಲೇ ಆ ಗೆರೆ ದಾಟಿತು. ಡಬ್ಬಿಯ 1920ರ ನಾಣ್ಯ ಕೂಡ ಈಗ ದಾಟಿದೆ. ಅಂಚೆಯಲ್ಲಿ ಕಳಿಸುವುದೇನು ಮಹಾ ಎನ್ನುವವರು ತಿಳಿದಿರಬೇಕು, ಅದು ಅಪರಾಧ. ಎರಡನೆಯದು, ಕಣ್ಣೆದುರಿಗೇ ಬೆಸುಗೆ ಕಂಡ ಮೇಲೆ ಬರುವ ಉತ್ತರ ಏನೆಂದು ಗೊತ್ತಿತ್ತು.

ಬೆಲೆ

ಮೊದಲು ತಳಮಟ್ಟ. 11.58 ಗ್ರಾಮಿನಲ್ಲಿ ಶುದ್ಧ ಬೆಳ್ಳಿ 10.61 ಗ್ರಾಂ. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಇದಕ್ಕಿಂತ ಕೆಳಗೆ ಬೆಲೆ ಇಳಿಯದು.

ಅದರ ಮೇಲಿನದಕ್ಕೆ ಹರಾಜಿನ ಫಲಿತಾಂಶಗಳನ್ನು ನೋಡಲಾಯಿತು. ಕಳೆದ ಎರಡು ವರ್ಷಗಳಲ್ಲಿ ಮಾರಾಟವಾದ ಹದಿನಾಲ್ಕು 1911ರ ರೂಪಾಯಿಗಳು ಸಿಕ್ಕವು. ಇವುಗಳಲ್ಲಿ ಐದನ್ನು ಕೈಬಿಡಲಾಯಿತು. ಎರಡು ಬೇರೆ ನಾಣ್ಯಗಳ ಜೊತೆ ಗುಂಪಾಗಿ ಮಾರಿದವು, ಮೂರರ ಫೋಟೋದಲ್ಲಿ ಮೇಲ್ಮೈ ತಿಳಿಯುತ್ತಿರಲಿಲ್ಲ. ಉಳಿದ ಒಂಬತ್ತಕ್ಕೆ ಕೆಟಲಾಗಿನಲ್ಲಿ ಬರೆದ ದರ್ಜೆಯನ್ನು ಮುಚ್ಚಿಟ್ಟು, ಫೋಟೋ ನೋಡಿ ನಮ್ಮದೇ ದರ್ಜೆ ಹಾಕಲಾಯಿತು. ಹೋಲಿಕೆ ಮಾಡುವುದು ನಾಣ್ಯಕ್ಕೆ ನಾಣ್ಯವನ್ನು. ಒಬ್ಬರ ವಿಶೇಷಣಕ್ಕೆ ಇನ್ನೊಬ್ಬರ ವಿಶೇಷಣವನ್ನಲ್ಲ. ಮಾರಲು ಇಟ್ಟ ಬೆಲೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯಾರೂ ಕೊಡದ ಬೆಲೆ ಬೆಲೆಯಲ್ಲ.

ಒಂಬತ್ತರಲ್ಲಿ ಆರು ತೊಡಕಿಲ್ಲದವು, ಮೂರು ಕೊಂಡಿಯ ಗುರುತಿನವೋ ಉಜ್ಜಿದವೋ ಆಗಿದ್ದವು. ಆ ಮೂರೂ ಅದೇ ಮಟ್ಟದ ವಿವರವಿದ್ದ ತೊಡಕಿಲ್ಲದ ನಾಣ್ಯಗಳ ಬೆಲೆಯ ಸುಮಾರು ಮೂರನೇ ಒಂದಕ್ಕೆ ನಿಂತಿದ್ದವು.

ಯಾವ ಬೆಲೆ ಎಂಬುದೂ ಮುಖ್ಯ. ಸುತ್ತಿಗೆ ಬೆಲೆ, ಅಂದರೆ ಹರಾಜಿನಲ್ಲಿ ಕೊನೆಗೆ ಕೂಗಿ ನಿಂತ ಬೆಲೆ, 100 ಎಂದಿಟ್ಟುಕೊಳ್ಳಿ. ಕೊಳ್ಳುವವರ ಕಮಿಷನ್ ಶೇ. 15 ಇದ್ದರೆ ಅವರು ಕೊಟ್ಟದ್ದು 115. ಮಾರುವವರ ಕಮಿಷನ್ ಶೇ. 10 ಇದ್ದರೆ ಅವರಿಗೆ ಸೇರಿದ್ದು 90. ಒಂದೇ ಮಾರಾಟಕ್ಕೆ ಮೂರು ಬೆಲೆ. ಪಾಲಿನ ಲೆಕ್ಕಕ್ಕೆ ‘ಮಾರಿದರೆ ಕೈಗೆ ಬರುವ ಹಣ’ವನ್ನು ಎಲ್ಲ ನಾಣ್ಯಗಳಿಗೂ ಒಂದೇ ಸಮ ಹಿಡಿಯುವುದೆಂದು ಇಬ್ಬರೂ ಒಪ್ಪಿದರು. ಹಾಗೆ ನೋಡಿದಾಗ 1911ರ ನಾಣ್ಯ ಡಬ್ಬಿಯ ಸಾಧಾರಣ ರೂಪಾಯಿ ಮೂರಕ್ಕೆ ಸಮನಾಯಿತು. ಒಂದಕ್ಕೆ ಹತ್ತು ಎಂಬ ಮೊದಲ ಸಲಹೆಯಲ್ಲಿ ಕೈ ಸುಟ್ಟುಕೊಳ್ಳುತ್ತಿದ್ದವನು ಅದನ್ನು ಹೇಳಿದವನೇ.

ಮುಡಿಪಿನ ನಾಣ್ಯ

ಹೋಲಿಕೆಗೆಂದು ಉಳಿದ ನಾಣ್ಯಗಳನ್ನು ಹರಡಿದಾಗ ಒಂದು ಮಾತ್ರ ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡೇ ಇತ್ತು. ಮನೆದೇವರಿಗೆ ಕಟ್ಟಿದ ಮುಡಿಪು, ಯಾವ ಹರಕೆಯೋ ಯಾರಿಗೂ ನೆನಪಿಲ್ಲ. ಗಂಟಿನಲ್ಲಿದ್ದುದರಿಂದ ಅದು ಒಂದು ವರ್ಷವೂ ವಿಭೂತಿ ಕಂಡಿರಲಿಲ್ಲ. ಹಿರಿಯಾಕೆ ಕೈಮುಗಿದು ಬಿಚ್ಚಿಕೊಟ್ಟರು. ಒಳಗಿನ ನಾಣ್ಯ 1918ರದ್ದು, ಅಂಚಿನ ಸುತ್ತ ಕಪ್ಪು, ನಡುವೆ ಕಂದು ನೀಲಿ. “ಇದೊಂದು ಪೂರ್ತಿ ಕೆಟ್ಟುಹೋಗಿದೆ, ಇದನ್ನಾದರೂ ತೊಳೆಯೋಣ” ಎಂದು ಅಣ್ಣನ ಮಗ ಏಳುವಷ್ಟರಲ್ಲಿ ತಡೆಯಲಾಯಿತು.

1918ರ ರೂಪಾಯಿ ಹೇರಳ. ಯುದ್ಧಕಾಲದಲ್ಲಿ ಭಾರತದಲ್ಲಿ ಬೆಳ್ಳಿಯ ಅಭಾವವಾದಾಗ ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯಡಿ ತನ್ನ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ಇಲ್ಲಿ ರೂಪಾಯಿಯಾಯಿತು. ಇಸವಿಯಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ದೀಪದ ಕೆಳಗೆ ತಿರುಗಿಸಿದಾಗ ಆ ಕಪ್ಪಿನ ಅಡಿಯಿಂದ ಬೆಳಕು ಚಕ್ರದಂತೆ ಸುತ್ತಿತು. ಹುಬ್ಬಿನ ಮೇಲೂ ಕಿರೀಟದ ಮುತ್ತುಗಳ ಮೇಲೂ ಅದು ಕಡಿಯಲಿಲ್ಲ. ಕಪ್ಪು ಎಂದರೆ ಬೆಳ್ಳಿಯ ಮೇಲೆ ಕೂತ ಸಲ್ಫೈಡಿನ ತೆಳು ಪದರ. ಗಂಧಕವಿರುವ ಗಾಳಿ ತಾಕಿ ಬೆಳೆದದ್ದು, ಲೋಹವನ್ನು ಉಜ್ಜಿದ್ದಲ್ಲ. ಈ ಬಾರಿ ಎರಡೂ ಚೀಟಿಗಳು ಹೊಂದಿದವು: 62 ಮತ್ತು 63. ಬೆಲೆಯಲ್ಲಿ ಅದು ಹಂದಿ ರೂಪಾಯಿಯ ಪಕ್ಕದಲ್ಲೇ ನಿಂತಿತು. ಹತ್ತು ನಿಮಿಷ ಉಜ್ಜಿದ್ದರೆ ಉಳಿದ ಒಂಬತ್ತರಲ್ಲಿ ಹತ್ತನೆಯದಾಗುತ್ತಿತ್ತು.

ಆದ ತೀರ್ಮಾನ

ಮುಡಿಪಿನ ನಾಣ್ಯ ದೇವರದ್ದು, ಪಾಲಿಗೆ ಬರುವುದಿಲ್ಲ ಎಂದು ಹಿರಿಯಾಕೆ ಹೇಳಿದರು. ಅದಕ್ಕೆ ಎದುರು ಮಾತು ಬರಲಿಲ್ಲ. ಉಳಿದದ್ದು 1911ರದ್ದೊಂದು, ಸಾಧಾರಣ ಒಂಬತ್ತು. ಒಂದನ್ನು ಮೂರೆಂದು ಹಿಡಿದರೆ ಒಟ್ಟು ಹನ್ನೆರಡು ಪಾಲು, ತಲಾ ಆರು. ಅಜ್ಜಿಯ ನಾಣ್ಯವೂ ಮೂರು ರೂಪಾಯಿಗಳೂ ಅತ್ತೆಗೆ, ಆರು ರೂಪಾಯಿ ಅಣ್ಣನ ಮಗನಿಗೆ. ಹಂದಿ ರೂಪಾಯಿ ತನಗೇ ಬೇಕೆಂದವನು ಕೊರಳಿನ ವಿಷಯ ಕೇಳಿದ ಮೇಲೆ ತಾನಾಗಿಯೇ ಬಿಟ್ಟುಕೊಟ್ಟ.

ಇಂಥ ಪರಿಶೀಲನೆಯನ್ನು ಈಗ ಮತ್ತೆ ಮಾಡುವುದಾದರೆ ಕ್ರಮ ಬದಲಾಗುತ್ತದೆ. ಮೊದಲು ಮನೆಯವರ ಮಾತು, ಆಮೇಲೆ ಅಂಚು, ಆಮೇಲೆ ಮೇಲ್ಮೈಯ ಬೆಳಕು. ಸವೆತದ ವಿವರಗಳು ನಾಲ್ಕನೆಯವು, ಇಸವಿ ಮತ್ತು ಬೆಲೆ ಕೊನೆಗೆ. ಎರಡು ದಿಕ್ಕಿನ ವ್ಯಾಸದಲ್ಲಿ ಅಂತರ ಕಂಡರೆ ಉಪಕರಣವನ್ನು ದೂರುವ ಮುನ್ನ ಡಬ್ಬಿಯ ಇನ್ನೊಂದು ನಾಣ್ಯವನ್ನು ಅಳೆಯಬೇಕು. ಹೀಗೆ ಅಳೆದಾಗ 1919ರ ನಾಣ್ಯ ಎರಡೂ ದಿಕ್ಕಿನಲ್ಲಿ 30.47 ಬಂತು, ಕ್ಯಾಲಿಪರ್ ಸರಿಯಾಗಿಯೇ ಇತ್ತು.

1911ರ ನಾಣ್ಯದ ಅಕ್ಷರಗಳ ಸಂದಿನ ಎಣ್ಣೆಜಿಡ್ಡನ್ನು ತೆಗೆಯಲು ಶುದ್ಧ ಅಸಿಟೋನಿನಲ್ಲಿ ಹತ್ತು ನಿಮಿಷ ಮುಳುಗಿಸಿಡಲಾಯಿತು. ಗಾಜಿನ ಬಟ್ಟಲು, ತೆರೆದ ಕಿಟಕಿ, ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಇಲ್ಲದ ಜಾಗ. ಅದು ಥಟ್ಟನೆ ಹೊತ್ತಿಕೊಳ್ಳುವ ದ್ರವ. ಬಣ್ಣ, ವಾಸನೆ ಬೆರೆಸಿದ ಉಗುರುಬಣ್ಣ ತೆಗೆಯುವ ದ್ರವ ಇದಕ್ಕಾಗದು. ಜಿಡ್ಡು ಹೋಯಿತು, ಕುಂಕುಮ ಅಲ್ಲಲ್ಲಿ ಉಳಿಯಿತು. ಕಡ್ಡಿಯಿಂದ ಕೆದಕದೆ ಹಾಗೇ ಬಿಡಲಾಯಿತು. ಎರಡೂ ನಾಣ್ಯಗಳು ಈಗ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿವೆ. ಮೆತ್ತನೆಯ ಪಿವಿಸಿ ಪೌಚು ಕೆಲವು ವರ್ಷಗಳಲ್ಲಿ ಹಸಿರು ಅಂಟು ಬಿಡುತ್ತದೆ, ಅದನ್ನು ದೂರವಿಡಲಾಗಿದೆ. ಅರಿಶಿನದ ಬಟ್ಟೆಯನ್ನು ಎಸೆಯಲಿಲ್ಲ. ಮುಡಿಪಿನ ಕ್ಯಾಪ್ಸೂಲನ್ನು ಅದೇ ಬಟ್ಟೆಯಲ್ಲಿ ಸುತ್ತಿ, ಹಿರಿಯಾಕೆ ತಮ್ಮ ಕೈಯಾರೆ ಬರೆದ ಚೀಟಿಯನ್ನು ಜೊತೆಗಿಟ್ಟಿದ್ದಾರೆ: “ಮನೆದೇವರ ಮುಡಿಪು. ತೊಳೆಯಬೇಡಿ.” ಪೂಜೆಯ ದಿನ ಕುಂಕುಮ ಈಗ ಕ್ಯಾಪ್ಸೂಲಿನ ಮುಚ್ಚಳಕ್ಕೆ ಬೀಳುತ್ತದೆ.